ಕೆಮ್ಮಿದರೆ ಒಡೆಯುವುದು

ಆ ದಿನ ಬೆಳಿಗ್ಗೆ ನಾನು ನಮ್ಮವರ ಜೊತೆ ಜಗಳ ಆಡಿದೆ. ವಿಶೇಷವೇನಿಲ್ಲ. ಮಳೆ ಬಂದ ಮರುದಿನವೆಲ್ಲ ನಮ್ಮ ಮನೆಯಲ್ಲಿ ಜಗಳ ಇದ್ದದ್ದೇ.

ಅಂಗಳದಲ್ಲಿ ಬಿದ್ದ ನೀರು ಗೇಟಿನ ಕಡೆ ಹೋಗುವ ಬದಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ನಾನು ಮಂಡಿಯೂರಿ ನೆಲ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದೆ. ನಮ್ಮವರು ಹೊರಗೆ ಕುಕ್ಕರಗಾಲಲ್ಲಿ ಕೂತು, ಬಾಗಿಲ ಪಕ್ಕದ ಗುಳಿಗೆ ಕಾಂಕ್ರೀಟು ತುಂಬುತ್ತಿದ್ದರು.

"ರೀ, ಊರವರಿಗೆಲ್ಲ ಒಡೀರಿ ಒಡೀರಿ ಅಂತೀರಿ. ನಮ್ಮನೆ ಬಾಗಿಲಿಗೆ ಮಾತ್ರ ತೇಪೆ ಮೇಲೆ ತೇಪೆ."

"ಏನಂದೆ?"

ಇನ್ನೊಂದು ಸಲ ಕೂಗಿ ಹೇಳಿದೆ. ಒಳಗಿನಿಂದ ನಾದಿನಿ ಬಾಯಿ ಹಾಕಿದರು. ನಮ್ಮವರ ಅಕ್ಕ, ನಮ್ಮ ಜೊತೆಯಲ್ಲೇ ಇರುವವರು. "ಬೀದಿಗೆಲ್ಲ ಕೇಳಿಸ್ತು ಕಣೋ. ನಿನಗೊಬ್ಬನಿಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು ಕೇಳಿಸ್ತು. ಇದೊಂದು ತೇಪೆ ಹಾಕಿಬಿಡ್ತೀನಿ. ಆಮೇಲೆ ನೋಡಿ, ಒಂದು ಹನಿ ಒಳಗೆ ಬಂದ್ರೆ ಕೇಳಿ."

"ಹೋದ ಮಳೇಲೂ ಇದನ್ನೇ ಅಂದ್ರಿ."

"ಆ ಮಳೆ ಬೇರೆ, ಈ ಮಳೆ ಬೇರೆ."

ನನಗೆ ರೇಗಿಹೋಯಿತು. ಅವರ ಸುತ್ತಿಗೆ ಪಕ್ಕದಲ್ಲೇ ಬಿದ್ದಿತ್ತು. ಎತ್ತಿಕೊಂಡೆ. "ನಾನೇ ತಟ್ಟಿ ನೋಡ್ತೀನಿ. ಕೆಳಗೆ ಗಟ್ಟಿ ಇದೆಯೋ ಟೊಳ್ಳೋ ಇವತ್ತೇ ಗೊತ್ತಾಗಲಿ."

ಅವರು ಕೈಯಿಂದ ಸುತ್ತಿಗೆ ಕಿತ್ತುಕೊಂಡರು. "ಬೇಡ. ಊರೆಲ್ಲ ತಟ್ಟು, ನಮ್ಮನೇದು ಮಾತ್ರ ತಟ್ಟಬೇಡ. ಕೇಳಿಸಿದ್ರೆ ಮಾಡಲೇಬೇಕಾಗುತ್ತೆ."

ತೇಪೆ ಮುಗಿಸಿದರು. ಕರಣೆಯಿಂದ ನುಣ್ಣಗೆ ಎಳೆದು, ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು. "ನಾಳೆಯಿಂದ ಬೆಳಿಗ್ಗೆ ಸಂಜೆ ನೀರು ಹಾಕು, ಮರೀಬೇಡ," ಅಂದರು. ಊಟ ಮಾಡಿದರು. ಮಲಗಿದರು, ಎದ್ದರು. ಕತ್ತರಿ ಹುಡುಕಿ ಮೀಸೆ ಕತ್ತರಿಸಿಕೊಂಡರು. ಅಕ್ಕನ ಜೊತೆ ಟೀವಿ ಸದ್ದಿನ ವಿಚಾರಕ್ಕೆ ಜಗಳ ಆಡಿದರು. ಅಷ್ಟೇ ಆ ದಿನ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಆ ದಿನದ ವಿಷಯ ಇನ್ನು ಬರೆಯುವುದಿಲ್ಲ. ಅವರ ವಿಷಯ ಬರೆಯುತ್ತೇನೆ.

ಅವರನ್ನು ಎಲ್ಲರೂ ತೇಪೆ ಮೇಸ್ತ್ರಿ ಅನ್ನುತ್ತಿದ್ದರು. ಯಾವನೋ ಕಂಟ್ರಾಕ್ಟರು ಹಂಗಿಸುವುದಕ್ಕೆ ಇಟ್ಟ ಹೆಸರು. ನಮ್ಮವರು ಹುಡುಗನಾಗಿದ್ದಾಗ ಅವನ ಹತ್ತಿರ ಹೊಸ ಮನೆಗಳಿಗೆ ಬಾಣಲಿ ಹೊರುತ್ತಿದ್ದರಂತೆ. ಹೊಸ ಮನೆ ಕಟ್ಟುವುದರಲ್ಲಿ ಅವರಿಗೆ ಮನಸ್ಸಿರಲಿಲ್ಲ. ಬಿಡುವು ಸಿಕ್ಕಿದಾಗೆಲ್ಲ ಪಕ್ಕದ ಹಳೆ ಮನೆಗಳ ಬಿರುಕು ನೋಡುತ್ತಾ ನಿಲ್ಲುತ್ತಿದ್ದರು. "ಹೋಗು, ನೀನು ತೇಪೆ ಹಾಕೋಕೇ ಲಾಯಕ್ಕು" ಅಂದನಂತೆ ಅವನು. ಇವರು ಹೋಗೇಬಿಟ್ಟರು. ಆಮೇಲೆ ಜೀವನಪೂರ್ತಿ ಅದೇ ಕೆಲಸ. ಮನೆಗಳ ಮೆಟ್ಟಿಲು, ಅಂಗಳ, ಸಜ್ಜಾ, ತಾರಸಿ. ಎಲ್ಲಿ ಬಿರುಕು ಬಿಟ್ಟಿದೆಯೋ ಅಲ್ಲಿ ನಮ್ಮವರು.

ನನ್ನನ್ನು ಕೇಳುವುದಕ್ಕೆ ಮೊದಲ ಸಲ ನಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ನಿಂತುಬಿಟ್ಟರು. ಬಗ್ಗಿ ಮೆಟ್ಟಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದರು. "ಇದನ್ನ ಒಡೀಬೇಕು," ಅಂದರು. ನಮ್ಮಪ್ಪನಿಗೆ ಸಿಟ್ಟು ಬಂತು. "ಏನಪ್ಪಾ, ಹುಡುಗಿ ನೋಡೋಕೆ ಬಂದ್ಯೋ, ಮೆಟ್ಟಿಲು ನೋಡೋಕೆ ಬಂದ್ಯೋ?"

"ಎರಡೂ ನೋಡ್ದೆ," ಅಂದರು ಇವರು. "ಹುಡುಗಿ ಗಟ್ಟಿ ಇದಾರೆ."

ನಾನು ಒಳಗೆ ಸೆರಗೋ ಕೈಯೋ ಏನೋ ಬಾಯಿಗೆ ತುರುಕಿಕೊಂಡು ನಗು ತಡೆದುಕೊಂಡೆ. ಮೆಟ್ಟಿಲು ಸ್ವಲ್ಪ ದಿನಕ್ಕೆ ಮುರಿದು ಬಿತ್ತು. ನಮ್ಮಪ್ಪನೇ ಮೇಲೆ ನಿಂತಿದ್ದ. ಹಾಗೆ ಮದುವೆ ಆಯಿತು.

ಅವರು ಕೆಲಸ ನೋಡುವ ರೀತಿ ಹೀಗೆ. ಮೊದಲು ಮನೆಯಲ್ಲಿರುವ ಸದ್ದೆಲ್ಲ ನಿಲ್ಲಿಸಬೇಕು. ಟೀವಿ ಬಂದ್. ಮಿಕ್ಸಿ ಬಂದ್. ಮಕ್ಕಳು ಒಳಗೆ. ಆಮೇಲೆ ನೋಡುವುದು. ಬಿರುಕಿನ ಎರಡೂ ಕಡೆ ಒಂದೇ ಮಟ್ಟ ಇದ್ದರೆ ತೇಪೆ ಸಾಕು. ಒಂದು ಕಡೆ ಎದ್ದು ಇನ್ನೊಂದು ಕಡೆ ಕೂತಿದ್ದರೆ ಕೆಳಗಿನ ಮಣ್ಣು ಸರಿದಿದೆ ಅಂತ. ಮೇಲೆ ಎಷ್ಟು ಸುರಿದರೂ ದಂಡ. ಸಜ್ಜಾದ ಅಡಿಯಲ್ಲಿ ಕೆಂಪು ಕಲೆ ಇದ್ದರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ. ಕಂಬಿಯ ಬೆನ್ನು ಕಾಣುವವರೆಗೆ ಕೆತ್ತಬೇಕು. ಕೊನೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗುವುದು. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ದಬ್ ಅನ್ನುತ್ತದೆ. ಎಲ್ಲೆಲ್ಲಿ ದಬ್ ಅಂದಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ. ಗೆರೆ ಕಡಿಮೆ ಇದ್ದರೆ ತೇಪೆ. ಎಲ್ಲ ಕಡೆ ಗೆರೆ ಆದರೆ ಒಡೆಯುವುದು.

ಅವರ ಕಿವಿ ಅಂದರೆ ಎಲ್ಲರಿಗೂ ನಂಬಿಕೆ. ದೊಡ್ಡ ದೊಡ್ಡ ಮನೆಯವರೂ ಕರೆಸುತ್ತಿದ್ದರು.

ಆ ಕಿವಿ ಹೋಗಿ ಎಷ್ಟೋ ವರ್ಷ ಆಗಿತ್ತು.

ಒಡೆಯುವ ಮೆಷಿನ್ನಿನ ಪಕ್ಕದಲ್ಲಿ ನಿಂತೂ ನಿಂತೂ ಹಾಗಾಯಿತು. ಮಾತು ಜೋರಾಗಿ ಆಡಿದರೆ ಕೇಳಿಸುತ್ತಿತ್ತು. ಆ ಸಣ್ಣ ಟಣ್ ಮಾತ್ರ ಕೇಳಿಸುತ್ತಿರಲಿಲ್ಲ. ಒಂದು ದಿನ ಮನೆಗೆ ಬಂದು ಗೋಡೆಗೆ ಒರಗಿ ಕೂತರು. "ಎಲ್ಲಾ ಒಂದೇ ಥರ ಕೇಳಿಸ್ತಿದೆ ಕಣೇ," ಅಂದರು. ಕಿವಿಗೆ ಮೆಷಿನ್ನು ಹಾಕಿಸಿಕೊಳ್ಳಿ ಅಂದೆ. "ಕಿವಿಗೆ ಮೆಷಿನ್ನು ಹಾಕ್ಕೊಂಡ ಮೇಸ್ತ್ರೀನ ಯಾರು ಕರೀತಾರೆ?" ಅಂದರು. ಅದೂ ಸರಿ.

ಆಮೇಲೆ ನಾನು ಊಟದ ಡಬ್ಬಿ ಹಿಡಿದುಕೊಂಡು ಅವರ ಜೊತೆ ಹೋಗಲು ಶುರು ಮಾಡಿದೆ. ಜನ ನಗುತ್ತಿದ್ದರು. "ಮೇಸ್ತ್ರಿಗೆ ಹೆಂಡ್ತೀನ ಬಿಟ್ಟು ಒಂದು ಗಳಿಗೆ ಇರಕ್ಕಾಗಲ್ಲ." ಅನ್ನಲಿ. ಅವರು ತಟ್ಟುತ್ತಿದ್ದರು, ನಾನು ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತು ಕೇಳುತ್ತಿದ್ದೆ. ಟಣ್ ಅಂದರೆ ಸುಮ್ಮನಿರುವುದು. ದಬ್ ಅಂದರೆ ಒಂದು ಸಲ ಕೆಮ್ಮುವುದು. ನಾನು ಕೆಮ್ಮಿದ ಕಡೆ ಅವರು ಗೆರೆ ಎಳೆಯುವರು. ಕೆಮ್ಮು ಅವರಿಗೆ ಕೇಳಿಸುತ್ತಿತ್ತು. ನಾನು ಮೆತ್ತಗೆ ಕೆಮ್ಮುವ ಹೆಂಗಸಲ್ಲ.

ಸದ್ದು ಗುರುತು ಹಿಡಿಯಲು ನನಗೇನೂ ಕಷ್ಟವಾಗಲಿಲ್ಲ. ಅಷ್ಟು ವರ್ಷ ಪಾತ್ರೆ ತಟ್ಟಿ ಸೀಳು ನೋಡಿದವಳು. ನೆಲವೂ ಹಾಗೇ.

ಒಂದೇ ಒಂದು ಸಲ ಕೆಟ್ಟಿತು. ಹಲ್ಲು ಡಾಕ್ಟರ ಮನೆಯಲ್ಲಿ. ಅವರ ಮುಂದಿನ ಮೆಟ್ಟಿಲುಗಳಲ್ಲಿ ಬಿರುಕು ಬಂದಿತ್ತು. ಆ ದಿನ ನನಗೆ ನೆಗಡಿ. ಕೆಮ್ಮು ತಡೆಯಲಾಗಲಿಲ್ಲ. ನಮ್ಮವರು ತಟ್ಟಿದಲ್ಲೆಲ್ಲ ಕೆಮ್ಮಿದೆ, ಅವರು ಗೆರೆ ಎಳೆದರು. ಕೊನೆಗೆ ಮೆಟ್ಟಿಲೆಲ್ಲ ಸೀಮೆಸುಣ್ಣ.

"ಪೂರ್ತಿ ಒಡೀಬೇಕು ಡಾಕ್ಟ್ರೇ. ಒಂದೂ ಉಳಿಯಲ್ಲ."

ಡಾಕ್ಟರ ಮುಖ ಸಣ್ಣಗಾಯಿತು. "ಎಲ್ಲಾನೂ ಕೀಳ್ಬೇಕಾ ಮೇಸ್ತ್ರಿ? ನೋವೇ ಇರ್ಲಿಲ್ವಲ್ಲ."

ರಸ್ತೆಗೆ ಬಂದ ಕೂಡಲೇ ನಾನು ಅವರ ತೋಳಿಗೆ ಹೊಡೆದೆ. "ರೀ! ನನಗೆ ನೆಗಡಿ!"

"ಮೊದ್ಲೇ ಹೇಳೋದಲ್ವಾ?"

"ಬೆಳಿಗ್ಗೆಯಿಂದ ಸೀನ್ತಾ ಇದೀನಿ. ಕಿವಿ ಹೋಯ್ತು ಸರಿ, ಕಣ್ಣೂ ಹೋಯ್ತಾ?"

ಅಲ್ಲಿಂದಲೇ ತಿರುಗಿ ಹೋದೆವು. ನಮ್ಮವರು ಗಂಟಲು ಸರಿ ಮಾಡಿಕೊಂಡರು. "ಡಾಕ್ಟ್ರೇ, ನೆಲ ಸ್ವಲ್ಪ ಒದ್ದೆ ಇತ್ತು. ಒದ್ದೆ ಇದ್ರೆ ಸದ್ದು ಮೋಸ ಮಾಡುತ್ತೆ."

ಡಾಕ್ಟರು ಒಣಗಿದ ಮೆಟ್ಟಿಲು ನೋಡಿದರು. ನಮ್ಮವರನ್ನು ನೋಡಿದರು. ಮೂಗು ಒರೆಸಿಕೊಳ್ಳುತ್ತಿದ್ದ ನನ್ನನ್ನು ನೋಡಿದರು. ಒಳಗೆ ಹೋಗಿ ಮಾತ್ರೆ ತಂದು ನನ್ನ ಕೈಗೆ ಕೊಟ್ಟರು. "ಇದನ್ನ ತಗೊಳ್ಳಿಮ್ಮ. ನೆಗಡಿ ಹೋದಮೇಲೆ ಇಬ್ರೂ ಬಂದು ಇನ್ನೊಂದ್ಸಲ ತಟ್ಟಿ. ನನಗೇನೂ ಅವಸರ ಇಲ್ಲ."

ಆಮೇಲೆ ಡಾಕ್ಟರು ಆ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ. ನಮ್ಮವರಿಗೂ ಅವರಿಗೂ ಸ್ನೇಹ ಬೆಳೆಯಿತು. "ನಮ್ಮಿಬ್ರದ್ದೂ ಒಂದೇ ಕಸುಬು ಮೇಸ್ತ್ರಿ," ಅನ್ನುತ್ತಿದ್ದರು. "ತುಂಬೋದಾ, ಕೀಳೋದಾ. ನಿಮ್ಮ ನೆಲ ಕಿರಿಚ್ಕೊಳ್ಳಲ್ಲ, ಅದೊಂದು ನಿಮ್ಮ ಪುಣ್ಯ."

ಇನ್ನು ನಮ್ಮ ಅಂಗಳ. ಅದರ ಹಳೆ ಕಾಂಕ್ರೀಟು ನಾವು ಮನೆ ಕೊಳ್ಳುವ ಮೊದಲೇ ಯಾರೋ ಹಾಕಿಸಿದ್ದು. ಬಿರುಕು ಬಿಟ್ಟಲ್ಲೆಲ್ಲ ನಮ್ಮವರು ತೇಪೆ ಹಾಕುತ್ತಾ ಬಂದರು. ಬೇರೆಯವರ ಮನೆ ಕೆಲಸದಲ್ಲಿ ಮಿಕ್ಕ ಸಿಮೆಂಟು, ಮಿಕ್ಕ ಜಲ್ಲಿ, ಮಿಕ್ಕ ಮರಳು. ಹಾಗಾಗಿ ಒಂದೊಂದು ತೇಪೆ ಒಂದೊಂದು ಬಣ್ಣ. ಒಂದು ಕಪ್ಪು, ಒಂದು ಬೂದಿ, ಒಂದು ಹಳದಿಗೆ ತಿರುಗಿದ್ದು. ಯಾವ ಮನೆಯ ಸಾಮಾನೋ ಆ ಮನೆಯ ಹೆಸರು. ನಲ್ಲಿಯ ಹತ್ತಿರ ಟೈಲರ ಮನೆ. ಗೇಟಿನ ಹತ್ತಿರ ಪೊಲೀಸರ ಮನೆ. ಕಿಟಕಿ ಕೆಳಗೆ ಹಲ್ಲು ಡಾಕ್ಟರ ಮನೆ. "ಸೈಕಲ್ಲನ್ನ ಪೊಲೀಸರ ಮನೇಲಿ ನಿಲ್ಲಿಸು," "ಟೈಲರ ಮನೆ ಮೇಲೆ ಪಾಚಿ ಕಟ್ಟಿದೆ, ಜಾರೀಯ," ಹೀಗೆ ನಮ್ಮ ಮಾತು.

ಅಳಿಯ ಹೊಸದರಲ್ಲಿ ಬಂದಾಗ, ಚಪ್ಪಲಿ ಎಲ್ಲಿ ಬಿಡಲಿ ಅತ್ತೆ ಅಂತ ಕೇಳಿದರು. ನಾನು ಒಳಗಿನಿಂದ "ಹಲ್ಲು ಡಾಕ್ಟ್ರ ಮನೇಲಿ ಬಿಟ್ಟು ಬನ್ನಿ" ಅಂದೆ. ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ರಸ್ತೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಿಂತು, ಇಲ್ಲಿ ಹಲ್ಲು ಡಾಕ್ಟ್ರ ಮನೆ ಯಾವುದು ಅಂತ ಯಾರನ್ನೋ ಕೇಳುತ್ತಿದ್ದಾರೆ. ನಾದಿನಿ ಈಗಲೂ ಅದನ್ನು ನೆನೆಸಿಕೊಂಡು ನಗುತ್ತಾರೆ. ಅಳಿಯ ಎದುರಿಗಿದ್ದರೆ ಇನ್ನೂ ಜೋರಾಗಿ.

ನಮ್ಮವರು ಹೋದ ಮೇಲೆ ನಾನು ಅಂಗಳವನ್ನು ಹಾಗೇ ಬಿಟ್ಟೆ. ಗುಡಿಸುತ್ತಿದ್ದೆ ಅಷ್ಟೇ. ಮಳೆ ಬಂದರೆ ನೀರು ಒಳಗೆ ಬರುತ್ತಿತ್ತು. ಒರೆಸುತ್ತಿದ್ದೆ. ಜಗಳಕ್ಕೆ ಯಾರೂ ಇರಲಿಲ್ಲ.

ಒಂದು ದಿನ ನಾದಿನಿ ಬಿದ್ದರು. ಟೈಲರ ಮನೆಗೂ ಹಳೆ ಕಾಂಕ್ರೀಟಿಗೂ ನಡುವೆ ಸಂದು ಬಿಟ್ಟಿತ್ತು. ಊರುಗೋಲಿನ ತುದಿ ಅದರಲ್ಲಿ ಸಿಕ್ಕಿಕೊಂಡಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮುಂಗೈ ಊದಿಕೊಂಡಿತು. ಬಾಯಿಗೆ ಏನೂ ಆಗಲಿಲ್ಲ.

"ನಿನ್ನ ಗಂಡ ಅಂಗಳ ಮಾಡಿಲ್ಲ ಕಣೇ, ಬೋನು ಇಟ್ಟು ಹೋಗಿದಾನೆ. ಅಲ್ಲಿ ಒಬ್ಬನಿಗೇ ಬೇಜಾರು ಅಂತ ಅಕ್ಕನ್ನ ಕರ್ಕೊಳ್ಳೋಕೆ ನೋಡ್ತಿದಾನೆ."

ಮಗಳೂ ಅಳಿಯನೂ ಓಡಿ ಬಂದರು. ಅಳಿಯ ಅಂಗಳದಲ್ಲಿ ಅಡ್ಡಾಡಿ ನೋಡಿದರು. "ಅತ್ತೆ, ಪೂರ್ತಿ ಒಡೆಸಿ ಹೊಸದು ಹಾಕಿಸಿಬಿಡೋಣ. ನನಗೆ ಗೊತ್ತಿರೋ ಮೆಷಿನ್‌ನವನಿದಾನೆ."

"ಬೇಡ. ಆ ಸಂದಿಗೆ ಒಂದು ತೇಪೆ ಹಾಕಿಸಿದ್ರೆ ಸಾಕು."

ಮಗಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಮ್ಮಾ, ಅಪ್ಪ ಇದ್ದಾಗ ಒಡೀರಿ ಒಡೀರಿ ಅಂತ ಅವರ ಪ್ರಾಣ ತಿಂತಿದ್ದೋಳು ನೀನೇ ಅಲ್ವಾ?"

"ಆಗ ಅವರಿದ್ರು."

"ಈಗ ನೀನೇ ಅಪ್ಪನ ಥರ ಮಾತಾಡ್ತಿದೀಯ."

ಮಗಳು ಹೇಳಿದ್ದು ಸುಳ್ಳಲ್ಲ. ಅವರಿದ್ದಾಗ ಅದು ಬರೀ ಕೆಟ್ಟ ಅಂಗಳ. ಈಗ ಅವರ ಕೈ ಆಡಿದ ಜಾಗ ಅಂತ ನನಗಿರುವುದು ಅದೊಂದೇ. ಊರವರ ಮನೆಗಳಲ್ಲಿ ಬೇಕಾದಷ್ಟಿದೆ, ಅಲ್ಲಿ ಹೋಗಿ ನಾನು ಕೂರಲಾಗುತ್ತದೆಯೇ? ಒಡೆಸಿದರೆ ಅದು ಹೋಗುತ್ತದೆ. ಒಡೆಸದಿದ್ದರೆ ಇವತ್ತಲ್ಲ ನಾಳೆ ನಾದಿನಿಯ ಸೊಂಟ ಹೋಗುತ್ತದೆ. ಎರಡರಲ್ಲಿ ಒಂದು. ತೇಪೆ ಸಾಕು ಅಂತ ಬಾಯಲ್ಲಿ ಅಂದೆ. ಸಾಕೋ ಸಾಲದೋ ನೋಡುವ ದಾರಿ ನನಗೆ ಗೊತ್ತಿತ್ತು. ನೋಡಲಿಲ್ಲ.

ನಾದಿನಿ ಬಿದ್ದ ಸುದ್ದಿ ಕೇಳಿ ಹಲ್ಲು ಡಾಕ್ಟರೂ ಬಂದರು. ನಾದಿನಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಬಿದ್ದಿದ್ದು ಕೈ ಮೇಲೆ. ಬಾಯಲ್ಲಿ ಹಲ್ಲೇ ಇಲ್ಲ. ನೀನ್ಯಾಕಪ್ಪಾ ಬಂದೆ?"

"ನೋಡೋಕೆ ಬಂದೆ ಅಜ್ಜಿ."

"ನೋಡು. ನೋಡೋಕೇನೂ ಫೀಸಿಲ್ಲ ತಾನೇ?"

ಹೊರಡುವಾಗ ಡಾಕ್ಟರು ಅಂಗಳದಲ್ಲಿ ನಿಂತರು. ಮಗಳು ಅಳಿಯ ಒಳಗಿದ್ದರು. ಮೆತ್ತಗೆ ಕೇಳಿದರು. "ತಟ್ಟಿ ನೋಡಿದ್ರಾಮ್ಮ?"

"ಇಲ್ಲ."

"ಯಾಕೆ?"

"ಕೇಳಿಸಿದ್ರೆ ಮಾಡಲೇಬೇಕಾಗುತ್ತೆ."

ಅವರು ತಲೆ ಆಡಿಸಿದರು. "ನನ್ನ ಹತ್ರಾನೂ ಹಾಗೇ ಬರ್ತಾರಮ್ಮ. ಬಾಯಿ ಗಟ್ಟಿಯಾಗಿ ಮುಚ್ಕೊಂಡು 'ನೋಡಿ ಡಾಕ್ಟ್ರೇ' ಅಂತಾರೆ. ನೋವಿಗಿಂತ ನಾನು ಏನು ಹೇಳಿಬಿಡ್ತೀನೋ ಅನ್ನೋದೇ ಹೆದರಿಕೆ." ಆಮೇಲೆ ಚಪ್ಪಲಿ ಹಾಕಿಕೊಂಡು ಹೋದರು. ತಮ್ಮ ಮನೆ ಮೇಲೆ ನಿಂತೇ ಹಾಕಿಕೊಂಡರು.

ಮರುದಿನ ತಿಂಡಿ ಆದಮೇಲೆ ಸುತ್ತಿಗೆ ತೆಗೆದೆ. "ಟೀವಿ ಆರಿಸಿ," ಅಂದೆ. ನಾದಿನಿಗೆ ಆಶ್ಚರ್ಯ. ಆದರೂ ಆರಿಸಿದರು. ಮಗಳು ಬಾಗಿಲಲ್ಲಿ, ಅಳಿಯ ಗೇಟಿನ ಹತ್ತಿರ. ನಾನು ಕೂತುಕೊಂಡು ತಟ್ಟಲು ಶುರು ಮಾಡಿದೆ.

ಮೊದಲು ಹಲ್ಲು ಡಾಕ್ಟರ ಮನೆ. ಟಣ್. ಪೊಲೀಸರ ಮನೆ. ಟಣ್. ಟೈಲರ ಮನೆ. ಟಣ್. ಅವರ ತೇಪೆ ಒಂದೊಂದೂ ಗಂಟೆ ಹೊಡೆದ ಹಾಗೆ. ನನ್ನ ಜೀವ ಹಗುರಾಯಿತು. ನೋಡಿದಿರಾ ಅಂತ ಅಳಿಯನ ಕಡೆ ಒಂದು ಸಲ ನೋಡಿದೆ.

ಆಮೇಲೆ ತೇಪೆಗಳ ನಡುವಿನ ಹಳೆಯ ಕಾಂಕ್ರೀಟು ತಟ್ಟಿದೆ.

ದಬ್.

ನನಗೆ ಕೆಮ್ಮು ಬಂತು. ಬೇಕು ಅಂತ ಕೆಮ್ಮಿದ್ದಲ್ಲ. ಅಭ್ಯಾಸ. ಪಕ್ಕಕ್ಕೆ ತಟ್ಟಿದೆ. ದಬ್. ಕೆಮ್ಮಿದೆ. ಬಾಗಿಲ ಕಡೆ ಹೋದೆ. ದಬ್, ಕೆಮ್ಮು. ದಬ್, ಕೆಮ್ಮು.

"ನೀರು ಕುಡಿಯೇ," ಅಂದರು ನಾದಿನಿ. "ಬೆಳಿಗ್ಗೆ ಬೆಳಿಗ್ಗೆ ಧೂಳು ಎಬ್ಬಿಸ್ಕೊಂಡು ಕೂತಿದಾಳೆ."

"ಅಮ್ಮಾ, ತಟ್ಟಿದಾಗೆಲ್ಲ ಯಾಕೆ ಕೆಮ್ತಿದೀಯ?" ಮಗಳು ಕೇಳಿದಳು.

ಹೇಳಿದೆ. ಕಿವಿ ಹೋದದ್ದು, ಡಬ್ಬಿ ಹಿಡಿದು ಹೋದದ್ದು, ಟಣ್ಣು, ದಬ್ಬು, ಡಾಕ್ಟರ ಮನೆಯ ನೆಗಡಿ. ಎಲ್ಲ. ಅಲ್ಲಿಯವರೆಗೆ ಮನೆಯವರಿಗೇ ಗೊತ್ತಿರಲಿಲ್ಲ.

ನಾದಿನಿ ಬಾಯಿ ಬಿಟ್ಟುಕೊಂಡು ಕೂತರು. "ಅಯ್ಯೋ ಕಳ್ಳರಾ! ನನ್ನ ತಮ್ಮನ ಕಿವಿ, ನನ್ನ ತಮ್ಮನ ಕಿವಿ ಅಂತ ನಾನು ಕಂಡಕಂಡವರ ಹತ್ರ ಕೊಚ್ಕೊಂಡು ತಿರುಗಿದ್ದೀನಿ. ಅದು ನಿನ್ನ ಕಿವಿಯೇನೇ?"

"ಕಿವಿ ನನ್ನದು. ಕೈ ಅವರದು."

"ಮತ್ತೆ ಟೀವಿ ಸದ್ದು ಜಾಸ್ತಿ ಇಡು ಅಂತ ನನ್ನ ಹತ್ರ ದಿನಾ ಜಗಳ ಆಡ್ತಿದ್ದನಲ್ಲ! ನಾನು, ಇವನಿಗೆ ಕೊಬ್ಬು ಅಂದ್ಕೊಂಡಿದ್ದೆ."

ಅಳಿಯ ಗೇಟು ಹಿಡಿದುಕೊಂಡು ನಕ್ಕರು. ಮಗಳು ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. ನಾನೂ ನಕ್ಕೆ. ನಾನೂ ಒರೆಸಿಕೊಂಡೆ. ಅವರು ಹೋದಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅವತ್ತೇ.

ಆಮೇಲೆ ಎದ್ದು ನಿಂತೆ. ಕೇಳಿಸಿತ್ತು. ಇನ್ನು ಮಾಡಲೇಬೇಕು. "ಮೆಷಿನ್‌ನವನಿಗೆ ಹೇಳಿ," ಅಂದೆ ಅಳಿಯನಿಗೆ. "ಪೂರ್ತಿ."

ಮೆಷಿನ್‌ನವನು ಮಾತುಗಾರ. ಬಂದವನೇ ಅಂಗಳ ನೋಡಿ, "ಏನಮ್ಮ ಇದು, ಕೌದಿ ಹಾಸಿದ ಹಾಗಿದೆ. ಒಂದು ಗಳಿಗೇಲಿ ಎತ್ತಿ ಬಿಸಾಕ್ತೀನಿ," ಅಂದ. ಹಳೆ ಕಾಂಕ್ರೀಟು ಬಿಸ್ಕತ್ತಿನ ಹಾಗೆ ಮುರಿಯಿತು. ತೇಪೆಗೆ ಬಂದ. ಮೆಷಿನ್ನು ಗುರ್‍ ಅಂತು. ಅವನ ಮೈಯೆಲ್ಲ ಅದುರಿತು. ತೇಪೆ ಅಲ್ಲಾಡಲಿಲ್ಲ.

"ಯಾರಮ್ಮ ಇದನ್ನ ಹಾಕಿದ್ದು? ಜಪ್ಪಯ್ಯ ಅಂದ್ರೂ ಒಡೀತಿಲ್ಲ!"

"ನಮ್ಮ ಯಜಮಾನ್ರು."

"ಕೋಟೆ ಕಟ್ಟೋಕೆ ಹೊರಟಿದ್ರಾ?"

ನನಗೆ ಆ ಮಾತು ಕೇಳಿ ಹೊಟ್ಟೆ ತುಂಬಿತು. ಅವರು ತೇಪೆ ಹಾಕುವ ಗುಳಿಯ ಬಾಯಿಯನ್ನು ಚೌಕವಾಗಿ ಕತ್ತರಿಸುತ್ತಿದ್ದರು. ಅಂಚು ತೆಳ್ಳಗೆ ಬಿಡುತ್ತಿರಲಿಲ್ಲ. ಧೂಳು ತೊಳೆದು, ನೆನೆಸಿ, ಸಿಮೆಂಟು ಹಾಲು ಬಳಿದು, ಆಮೇಲೆ ತುಂಬುತ್ತಿದ್ದರು. ಮಿಕ್ಕ ಸಾಮಾನಿನಲ್ಲಿ ಹಾಕಿದರೂ ಕೆಲಸ ಮಿಕ್ಕದ್ದಲ್ಲ. ಕೊನೆಗೆ ಮೆಷಿನ್‌ನವನು ತೇಪೆಗಳನ್ನು ಒಡೆಯುವುದು ಬಿಟ್ಟು, ಸುತ್ತ ಬಿಡಿಸಿ, ಹಾರೆ ಹಾಕಿ ಇಡಿಯಾಗಿ ಎಬ್ಬಿಸಿದ. ಒಂದೊಂದೂ ದಪ್ಪ ಮಣೆಯ ಹಾಗೆ ಎದ್ದು ಬಂತು.

ಅಡಿಯಲ್ಲಿ ಮಣ್ಣೇ ಇರಲಿಲ್ಲ. ನಲ್ಲಿಗೆ ಬರುವ ಹಳೆ ಪೈಪು ಸೋರಿ ಸೋರಿ, ಬಾಗಿಲ ಕಡೆಯ ಮಣ್ಣೆಲ್ಲ ಕರಗಿಹೋಗಿತ್ತು. ಒಂದು ನಾಯಿ ಕಾಲು ಚಾಚಿ ಮಲಗುವಷ್ಟು ಪೊಳ್ಳು. ಅದರ ಮೇಲೆ ಎಷ್ಟು ತೇಪೆ ಹಾಕಿದರೂ ನಿಲ್ಲುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿತ್ತು ಅಂತ ಒಂದು ದಿನ ಅನಿಸುತ್ತದೆ. ಇಲ್ಲ ಅಂತ ಇನ್ನೊಂದು ದಿನ.

ಬಾಗಿಲ ಪಕ್ಕದ್ದು ಕೊನೆಯ ತೇಪೆ. ಅವರು ಹೋಗುವ ಹಿಂದಿನ ದಿನ ಹಾಕಿದ್ದು. ಅದಕ್ಕೂ ಹಾರೆ ಹಾಕಿದ. ಅದು ಇಡಿಯಾಗಿ ಬರಲಿಲ್ಲ. ಕೈಯಲ್ಲೇ ಪುಡಿಯಾಯಿತು. "ಇದೊಂದು ಯಾಕೋ ಕಚ್ಚೇ ಇಲ್ಲ," ಅಂದ.

ಅದಕ್ಕೆ ನೀರು ಹಾಕಿದವರಿಲ್ಲ. ನಾವೆಲ್ಲ ಆಸ್ಪತ್ರೆಯಲ್ಲಿದ್ದೆವು.

ಆ ಪುಡಿಯನ್ನು ಬೇರೆ ಇಡಬೇಕು ಅನಿಸಿತು. ಇಡಲಿಲ್ಲ. ಬಾಣಲಿಯಲ್ಲಿ ತುಂಬಿ ಗುಂಡಿಗೇ ಹಾಕಿದೆ. ಅಲ್ಲಿ ಮಣ್ಣು ಬೇಕಾಗಿತ್ತು.

ಸುದ್ದಿ ಹೇಗೆ ಹರಡಿತೋ, ಸಂಜೆಗೆ ಜನ ಬಂದರು. ಮೊದಲು ಹಲ್ಲು ಡಾಕ್ಟರು. "ಅಮ್ಮ, ನನ್ನ ಮನೆ ನನಗೆ ಕೊಡಿ." ಅವರ ಮಣೆಯನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಹೋಗಿ ತಮ್ಮ ಹಲ್ಲಿನ ಆಸ್ಪತ್ರೆ ಬಾಗಿಲಿಗೆ ಹತ್ತುವ ಕಲ್ಲಾಗಿ ಹಾಕಿಸಿಕೊಂಡರು. ಟೈಲರು ಬಂದು ತಮ್ಮದನ್ನು ತೆಗೆದುಕೊಂಡು ಹೋದರು. ಹೊಲಿಗೆ ಮೆಷಿನ್ನಿನ ಒಂದು ಕಾಲು ಕುಂಟುತ್ತಿತ್ತಂತೆ, ಅದರಡಿ ಇಡುವುದಕ್ಕೆ. ಪೊಲೀಸರು ಬರಲಿಲ್ಲ. ಅವರಿಗೆ ಬೇರೆ ಊರಿಗೆ ವರ್ಗವಾಗಿ ಎಷ್ಟೋ ವರ್ಷವಾಯಿತು. ಆ ಮಣೆಯನ್ನು ನಾದಿನಿ ಹಿಡಿದುಕೊಂಡರು. ಬಾಗಿಲ ಪಕ್ಕ ಹಾಕಿಸಿಕೊಂಡು ಅದರ ಮೇಲೆ ಕೂತು ಬೀದಿ ನೋಡುತ್ತಾರೆ. "ಪೊಲೀಸರ ಮನೇಲಿ ಕೂತಿದೀನಿ, ಯಾರು ಏನ್ ಮಾಡ್ತಾರೆ?" ಅನ್ನುತ್ತಾರೆ.

ಹೊಸ ಅಂಗಳ ಹಾಕುವಾಗ ನಾನು ಪಕ್ಕದಿಂದ ಕದಲಲಿಲ್ಲ. ಪೈಪು ಬದಲಾಯಿಸಿದರು. ಮಣ್ಣು ತುಂಬಿ, ನೀರು ಬಿಟ್ಟು, ದಿಮ್ಮಸು ಹಾಕಿದರು. ಹೊಸ ಮೇಸ್ತ್ರಿಗೆ ನನ್ನ ಕಾಟ ಸಾಕಾಗಿಹೋಯಿತು.

"ಅಮ್ಮಾ, ಇನ್ನೆಷ್ಟು ಕುಟ್ಟಬೇಕು? ಮಣ್ಣು ಅಳ್ತಿದೆ."

"ಕುಟ್ಟಪ್ಪ. ಆಮೇಲೆ ನಾನು ಅಳೋದು ಬೇಡ."

ಹಾಕಿದ ಮೇಲೆ ಸುತ್ತ ಮರಳಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆ. ಬೆಳಿಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ, ಸಂಜೆ ನೋಡಿದೆ. ಮೇಸ್ತ್ರಿ ಸಾಕು ಅಂದ ಮೇಲೂ ಬಿಡಲಿಲ್ಲ. ನಾದಿನಿ ಕಿಟಕಿಯಿಂದ ಕೂಗಿದರು. "ಇನ್ನೂ ಹಾಕ್ತಾನೇ ಇದೀಯಲ್ಲೇ! ಚಿಗುರುತ್ತೆ ಅಂತ ಕಾಯ್ತಿದೀಯಾ?"

ಈಗ ಅಂಗಳ ಒಂದೇ ಬಣ್ಣ. ಚಪ್ಪಲಿ ಎಲ್ಲಿ ಬಿಡಬೇಕು ಅಂತ ಯಾರಿಗೂ ತಿಳಿಯುವುದಿಲ್ಲ. ಎಲ್ಲೆಂದರಲ್ಲಿ ಬಿಡುತ್ತಾರೆ. ಅಳಿಯ ಮಾತ್ರ ಕಿಟಕಿ ಕೆಳಗೇ ಬಿಡುತ್ತಾರೆ. ನಾದಿನಿ ಕೋಲು ಊರಿಕೊಂಡು ಗೇಟಿನವರೆಗೆ ಹೋಗಿ ಬರುತ್ತಾರೆ, ಬೀಳುವುದಿಲ್ಲ. ಮಳೆ ಬಂದರೆ ಒಳಗೆ ಒರೆಸುವ ಕೆಲಸ ನನಗಿಲ್ಲ.

ಬೇರೆ ಕೆಲಸ ಬಂದಿದೆ. ಹೊಸ ಅಂಗಳ ಗೇಟಿನ ಕಡೆ ಇಳಿಜಾರು. ನೀರೆಲ್ಲ ಅಲ್ಲಿಗೇ ಹೋಗುತ್ತದೆ. ಗೇಟಿನ ಕೆಳಗೆ ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಎದುರು ಮನೆಯ ಮರದ ಎಲೆ ಪೂರ್ತಿ ಅದಕ್ಕೆ ಬಂದು ಕಟ್ಟಿಕೊಳ್ಳುತ್ತದೆ. ತೆಗೆಯದಿದ್ದರೆ ನೀರು ನಿಲ್ಲುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಹೋಗುತ್ತೇನೆ. ಕೂತು, ಜಾಲರಿ ಎತ್ತಿ, ಎಲೆಗಳನ್ನು ಬೆರಳಿನಲ್ಲಿ ಕಿತ್ತು ಬಕೆಟ್ಟಿಗೆ ಹಾಕುತ್ತೇನೆ. ಎದುರು ಮನೆಯವರನ್ನು ಸ್ವಲ್ಪ ಬೈಯುತ್ತೇನೆ. ಜಾಲರಿ ಮುಚ್ಚಿ, ಕೈ ತೊಳೆದುಕೊಂಡು, ಒಳಗೆ ಹೋಗಿ ಒಲೆ ಹಚ್ಚುತ್ತೇನೆ.